39:52ರ ಹುಡುಗಿ ಮತ್ತು ನಾನು

(ಧಾರವಾಡದಲ್ಲಿ ಬೆಳಗಿನ ಹೊತ್ತು ಓಡುವ, ನಡೆಯುವ ಒಂದು ಗುಂಪಿನ ಎದುರು ಆಡಿದ ಮಾತುಗಳಿವು. ಆಡಿದ್ದು ನಮ್ಮ ಊರಿನ ಮಾತಿನಲ್ಲೇ, ಬರೆಯುವಾಗ ಸ್ವಲ್ಪ ಪುಸ್ತಕದ ಕಡೆ ವಾಲಿದೆ. ಎರಡೆರಡು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟವರು ಮೊದಲು ನನ್ನನ್ನು ‘ಮಾಜಿ ಓಟಗಾರ್ತಿ’ ಅಂದರು. ಆಮೇಲೆ ತಪ್ಪಾಯಿತು ಅನ್ನಿಸಿ ‘ಮಾಜಿ ಹಾಗೂ ಹಾಲಿ’ ಅಂತ ತಿದ್ದಿದರು. ಶಾಸಕರ ಬಗ್ಗೆ ಹೇಳಿದ ಹಾಗೆ ಕೇಳಿಸಿತು. ಆದರೆ ಅವರು ತಡವರಿಸಿದ ಜಾಗದಲ್ಲೇ ನನ್ನ ಇವತ್ತಿನ ಮಾತೂ ಇದೆ. ಮಾಜಿಗೂ ಹಾಲಿಗೂ ನಡುವೆ 25 ವರ್ಷ ಬಿಟ್ಟುಹೋದರೆ ಏನಾಗುತ್ತದೆ ಅನ್ನೋದು.

ಒಂದು ಕಾಗದ ತಂದಿದ್ದೇನೆ. ಮೊದಲ ಸಾಲಿನಿಂದ ಹಿಂದಕ್ಕೆ ದಾಟಿಸಿ, ನೋಡಿ, ಆಮೇಲೆ ವಾಪಸ್ ಕೊಡಬೇಕು, ಇದೊಂದೇ ಪ್ರತಿ. 1999ರ ಫೆಬ್ರವರಿಯ ಪ್ರಮಾಣಪತ್ರ. 10 ಕಿಲೋಮೀಟರ್ ರಸ್ತೆ ಓಟ, ಮಹಿಳೆಯರ ವಿಭಾಗ. ‘ಸಮಯ’ ಅಂತ ಅಚ್ಚಾದ ಪದದ ಮುಂದೆ ನೀಲಿ ಇಂಕಿನಲ್ಲಿ 39:52 ಅಂತ ಬರೆದಿದ್ದಾರೆ. ಆಗ ನನಗೆ 21 ವರ್ಷ. ಕಾಲಲ್ಲಿ ಬಿಳಿ ಕ್ಯಾನ್ವಾಸ್ ಶೂ. ಮುಟ್ಟಿದ ಕೂಡಲೇ ಕೈಗೆ ಒಂದು ನಂಬರಿನ ಚೀಟಿ ಕೊಡುತ್ತಿದ್ದರು. ಆ ಚೀಟಿ ಹಿಡಿದುಕೊಂಡು ಮೇಜಿನ ಹತ್ತಿರ ಹೋದರೆ, ಸ್ಟಾಪ್‌ವಾಚ್ ಹಿಡಿದ ಸರ್ ಒಬ್ಬರು ತಮ್ಮ ಪಟ್ಟಿ ನೋಡಿ ಸಮಯ ಹೇಳುತ್ತಿದ್ದರು. 40 ನಿಮಿಷದೊಳಗೆ ಬಂದಿದ್ದೇನೆ ಅಂತ ಗೊತ್ತಾದಾಗ ನಾನು ಆ ಮೇಜಿನ ಕಾಲು ಹಿಡಿದುಕೊಂಡು ನೆಲಕ್ಕೆ ಕೂತಿದ್ದೆ.

ಅದೇ ನನ್ನ ಕೊನೆಯ ಸ್ಪರ್ಧೆ ಅಂತ ಆ ದಿನ ಗೊತ್ತಿರಲಿಲ್ಲ. ಓಟ ಬಿಟ್ಟ ದಿನ ಅಂತ ಒಂದು ತಾರೀಖು ನನ್ನ ಬದುಕಿನಲ್ಲಿಲ್ಲ. ಬ್ಯಾಂಕ್ ಪರೀಕ್ಷೆಗೆ ಕೂತೆ, ನೌಕರಿ ಬಂತು, ವರ್ಗವಾಯಿತು, ಮದುವೆಯಾಯಿತು, ಎರಡು ಮಕ್ಕಳು, ಅತ್ತೆಯವರ ಲಕ್ವ. ಪ್ರತಿ ಸಲವೂ ‘ಇದೊಂದು ಮುಗಿಯಲಿ’ ಅಂದುಕೊಂಡೆ. ನನ್ನ ಜೊತೆ ಗುಡ್ಡಗಾಡು ಓಟ ಓಡುತ್ತಿದ್ದ ಹುಡುಗರಲ್ಲಿ ಮೂವರು ಪೊಲೀಸ್ ಸೇರಿದರು, ಒಬ್ಬ ಮಿಲಿಟರಿಗೆ ಹೋದ. ಅವರಿಗೆ ಓಡುವುದೇ ನೌಕರಿಯ ಭಾಗ. ನನ್ನ ನೌಕರಿಯಲ್ಲಿ ಓಡಿದ್ದು ಕರೆನ್ಸಿ ಎಣಿಸುವ ಯಂತ್ರ ಒಂದೇ.

ಮತ್ತೆ ಶುರುವಾಗಿದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. 2023ರ ಆಗಸ್ಟ್‌ನಲ್ಲಿ ಒಂದು ಸಂಜೆ ಹುಬ್ಬಳ್ಳಿಯಿಂದ ಬರಬೇಕಿತ್ತು. ಚಿಗರಿ ಬಸ್ ನಿಂತಿತ್ತು, ಬಾಗಿಲು ತೆರೆದಿತ್ತು. ಟಿಕೆಟ್ ಗೇಟಿನಿಂದ ಬಸ್ಸಿನ ಬಾಗಿಲಿಗೆ ಹೆಚ್ಚೆಂದರೆ ನಲವತ್ತು ಹೆಜ್ಜೆ. ಓಡಿದೆ, ಸಿಕ್ಕಿತು. ಸೀಟಿನಲ್ಲಿ ಕೂತ ಮೇಲೆ ಉಣಕಲ್ ಕೆರೆ ದಾಟುವವರೆಗೂ ಉಸಿರು ಹಿಡಿತಕ್ಕೆ ಬರಲಿಲ್ಲ. ಪಕ್ಕದಲ್ಲಿದ್ದ ಹುಡುಗಿ ತನ್ನ ನೀರಿನ ಬಾಟಲಿ ಕೊಟ್ಟಳು. ನನಗೆ ನಾಚಿಕೆಗಿಂತ ಸಿಟ್ಟು ಬಂತು. ಮರುದಿನ ಬೆಳಿಗ್ಗೆ ಐದೂವರೆಗೆ ಕೆಲಗೇರಿ ಕೆರೆಯ ಹತ್ತಿರ ಇದ್ದೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಬಹಳ ವರ್ಷಗಳ ಮೇಲೆ ಓಟಕ್ಕೆ ಮರಳುವವರಿಗೆ, ಜೀವನದಲ್ಲೇ ಓಡದೆ ಈಗ ಶುರು ಮಾಡುವವರಿಗಿಂತ ಅಪಾಯ ಹೆಚ್ಚು ಅನ್ನುವುದು ನನ್ನ ಅನುಭವ. ಕೇಳಿದರೆ ಉಲ್ಟಾ ಅನ್ನಿಸುತ್ತದೆ. ಹೊಸಬರಿಗೆ ಜೋರಾಗಿ ಓಡುವುದು ಹೇಗೆ ಅಂತಲೇ ಗೊತ್ತಿರುವುದಿಲ್ಲ. ನೂರು ಮೀಟರ್ ಓಡಿ ತಾವಾಗಿ ನಿಲ್ಲುತ್ತಾರೆ. ಹಳಬರಿಗೆ ಗೊತ್ತಿರುತ್ತದೆ, ತೊಂದರೆ ಶುರುವಾಗುವುದೇ ಅಲ್ಲಿಂದ. ಮೊಣಕಾಲು ಎಷ್ಟು ಎತ್ತಬೇಕು, ಕೈ ಎಲ್ಲಿ ಬೀಸಬೇಕು, ಹೆಜ್ಜೆ ಎಷ್ಟು ಉದ್ದ, ಎಲ್ಲ ನೆನಪಿರುತ್ತದೆ. ಆ ಮೊದಲ ಬೆಳಿಗ್ಗೆ ನಾನು ಒಂದೂವರೆ ನಿಮಿಷ 1999ರ ಹಾಗೆಯೇ ಓಡಿದೆ, ನಿಜವಾಗಿಯೂ ಚೆನ್ನಾಗಿ ಓಡಿದೆ. ಆಮೇಲೆ ಕೆರೆಯ ದಂಡೆಯ ಮೇಲೆ ಬಗ್ಗಿ ನಿಂತು ಬೆಳಗಿನ ಚಾ ವಾಪಸ್ ಕೊಟ್ಟೆ.

ಬಿಟ್ಟ ಓಟಗಾರರ ದೇಹದಲ್ಲಿ ಏನೇನು ಹೋಗುತ್ತದೆ ಅನ್ನುವುದರ ಬಗ್ಗೆ 1984ರ ಒಂದು ಹೆಸರಾಂತ ಅಧ್ಯಯನವಿದೆ, ಅಮೆರಿಕದ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರದು. ವರ್ಷಗಟ್ಟಲೆ ತರಬೇತಿ ಪಡೆದ ಏಳು ಜನರನ್ನು 84 ದಿನ ಸುಮ್ಮನೆ ಕೂರಿಸಿದರು. ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನುವ ಅಳತೆ ಮೊದಲ ಮೂರೇ ವಾರಗಳಲ್ಲಿ ಶೇ 7ರಷ್ಟು ಬಿತ್ತು. ಎಂಟು ವಾರ ಆಗುವಾಗ ಶೇ 16ರಷ್ಟು ಇಳಿದು ಅಲ್ಲಿ ನಿಂತಿತು. ಮೊದಮೊದಲು ಇಳಿಯುವುದಕ್ಕೆ ಮುಖ್ಯ ಕಾರಣ ರಕ್ತದ ಪ್ರಮಾಣವೇ ಕಡಿಮೆಯಾಗುವುದು. ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ತಗ್ಗುತ್ತದೆ. ನನಗೆ ಸಮಾಧಾನ ಕೊಟ್ಟ ಅಂಶ ಇನ್ನೊಂದಿದೆ. ಸ್ನಾಯುಗಳ ಒಳಗೆ ಬೆಳೆದಿದ್ದ ಸೂಕ್ಷ್ಮ ರಕ್ತನಾಳಗಳು ಆ ಮೂರು ತಿಂಗಳಲ್ಲಿ ಕಡಿಮೆಯಾಗಿರಲಿಲ್ಲ. ಅದು 84 ದಿನದ ಮಾತು, ನನ್ನದು ಹತ್ತಿರ ಹತ್ತಿರ 9,000 ದಿನದ ಮಾತು ಅಂತ ಮಗಳು ನೆನಪಿಸಿದಳು. ಇರಲಿ ಬಿಡಿ.

ಮರಳಿ ಶುರು ಮಾಡಿದಾಗ ಬೇಗ ಹೋದದ್ದೇ ಬೇಗ ಬರುತ್ತದೆ. ರಕ್ತದ ಪ್ರಮಾಣ ಒಂದೆರಡು ವಾರದಲ್ಲಿ ಏರತೊಡಗುತ್ತದೆ. ಆರೇಳು ವಾರದಲ್ಲಿ ಉಸಿರು ಹದಕ್ಕೆ ಬಂದು, ಮಾತಾಡುತ್ತ ಓಡಬಹುದು. ಮೂಳೆ ಮತ್ತು ಸ್ನಾಯುರಜ್ಜುಗಳ ಲೆಕ್ಕ ಬೇರೆ. ಅಲ್ಲಿಗೆ ರಕ್ತ ಹರಿಯುವುದೇ ಕಡಿಮೆ, ಅವು ಗಟ್ಟಿಯಾಗಲು ತಿಂಗಳುಗಳು ಬೇಕು. ಉಸಿರು ‘ನಡಿ ನಡಿ’ ಅನ್ನುತ್ತದೆ, ಹಿಮ್ಮಡಿ ‘ನಾನಿನ್ನೂ ತಯಾರಿಲ್ಲ’ ಅನ್ನುತ್ತದೆ. ನಾನು ಉಸಿರಿನ ಮಾತು ಕೇಳಿದೆ.

ಒಂಬತ್ತನೇ ವಾರ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಕಾಲೂರಿದರೆ ಎಡ ಹಿಮ್ಮಡಿಯ ಹಿಂದೆ, ಮೀನಖಂಡದಿಂದ ಕೆಳಗಿಳಿಯುವ ಆ ದಪ್ಪ ರಜ್ಜಿನಲ್ಲಿ, ಒಣಗಿದ ಹಗ್ಗ ತಿರುವಿದ ಹಾಗೆ ನೋವು. ಹತ್ತು ಹೆಜ್ಜೆ ನಡೆದರೆ ಕಡಿಮೆ, ಕೂತು ಎದ್ದರೆ ಮತ್ತೆ. ಬೆರಳಿನಿಂದ ಹಿಡಿದು ನೋಡಿದರೆ ಆ ಕಡೆಗಿಂತ ಈ ಕಡೆ ದಪ್ಪ. ಮನೆಯವರು ಪೇಪರಿನಿಂದ ತಲೆ ಎತ್ತದೆ, “ಮತ್ತ ಕುಂಟಲಿಕ್ಹತ್ತಿದಿ ನೋಡು” ಅಂದರು. ನಾನು ಹೋದ ಡಾಕ್ಟರು ಇನ್ನೂ ಚುಟುಕಾಗಿ ಹೇಳಿದರು: “ಈ ವಯಸ್ಸಿನಾಗ ಯಾಕ ಬೇಕಿತ್ರೀ ಇದು? ವಾಕಿಂಗ್ ಮಾಡ್ರಿ, ಸಾಕು.” ಗುಳಿಗೆ ಬರೆದುಕೊಟ್ಟರು. ಅದೇ ಪ್ರಶ್ನೆಯನ್ನು ನನ್ನ ವಯಸ್ಸಿನ ಗಂಡಸಿಗೆ ಕೇಳುತ್ತಿದ್ದರೋ ಇಲ್ಲವೋ ಅನ್ನುವುದನ್ನು ನಿಮಗೇ ಬಿಡುತ್ತೇನೆ.

ನನ್ನನ್ನು ಉಳಿಸಿದ್ದು ಮನೆಯ ಮೆಟ್ಟಿಲು. ಒಬ್ಬ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟರು: ಮೆಟ್ಟಿಲ ಅಂಚಿನ ಮೇಲೆ ಪಾದದ ಮುಂಭಾಗ ಇಟ್ಟು ನಿಲ್ಲುವುದು, ಎರಡೂ ಕಾಲಿನಿಂದ ಹಿಮ್ಮಡಿ ಎತ್ತುವುದು, ಆಮೇಲೆ ನೋವಿರುವ ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಧಾನವಾಗಿ ಮೆಟ್ಟಿಲಿಗಿಂತ ಕೆಳಗೆ ಇಳಿಸುವುದು. 15 ಸಲದ್ದು ಒಂದು ಸುತ್ತು, ಅಂಥ ಮೂರು ಸುತ್ತು. ಮೊಣಕಾಲು ನೆಟ್ಟಗಿಟ್ಟು ಒಮ್ಮೆ, ಸ್ವಲ್ಪ ಬಗ್ಗಿಸಿ ಇನ್ನೊಮ್ಮೆ. ಬೆಳಿಗ್ಗೆ ಮತ್ತು ಸಂಜೆ, 12 ವಾರ. ಲೆಕ್ಕ ಹಾಕಿದರೆ ದಿನಕ್ಕೆ 180 ಸಲ ಇಳಿಸುವುದು. ಒಗ್ಗರಣೆ ಹಾಕಿ ಬಂದು 15, ಕುಕ್ಕರ್ ಮೂರನೇ ಸೀಟಿ ಹೊಡೆಯುವುದರೊಳಗೆ ಇನ್ನೊಂದು 15.

ಈ ವ್ಯಾಯಾಮದ ಹಿಂದೆ ಒಂದು ಕಥೆ ಇದೆ, ಓಟಗಾರರ ನಡುವೆ ಬಹಳ ಓಡಾಡುವ ಕಥೆ. ಸ್ವೀಡನ್ನಿನ ಮೂಳೆ ವೈದ್ಯ ಹೋಕನ್ ಆಲ್ಫ್ರೆಡ್‌ಸನ್ ಅವರಿಗೇ ಈ ಹಿಮ್ಮಡಿ ನೋವಿತ್ತು. ಶಸ್ತ್ರಚಿಕಿತ್ಸೆ ಮಾಡಿ ಅಂದರೆ ಮೇಲಿನವರು, ಅಷ್ಟು ಕೆಟ್ಟಿಲ್ಲ, ರಜೆ ಕೊಡುವುದಿಲ್ಲ ಅಂದರಂತೆ. ಹಾಗಿದ್ದರೆ ಕೆಡಿಸಿಯೇಬಿಡೋಣ, ರಜ್ಜು ಹರಿದರೆ ಆಪರೇಷನ್ ಮಾಡಲೇಬೇಕಲ್ಲ ಅಂತ ನೋವಿದ್ದರೂ ಭಾರ ಹಾಕಿ ಹಾಕಿ ಇಳಿಸುವ ವ್ಯಾಯಾಮ ಮಾಡಿದರು. ಹರಿಯಲಿಲ್ಲ, ವಾಸಿಯಾಯಿತು. 1998ರಲ್ಲಿ ಅವರು 15 ಮಂದಿ ನಡುವಯಸ್ಸಿನ ಓಟಗಾರರಿಗೆ ಇದನ್ನೇ 12 ವಾರ ಮಾಡಿಸಿ ಫಲಿತಾಂಶ ಪ್ರಕಟಿಸಿದರು. ಎಲ್ಲರೂ ಓಟಕ್ಕೆ ಮರಳಿದ್ದರು. ಮೆಟ್ಟಿಲ ಮೇಲೆ ನಿಂತು ಹಲ್ಲು ಕಚ್ಚಿದಾಗೆಲ್ಲ ನಾನು ಆ ಸ್ವೀಡನ್ ಡಾಕ್ಟರ ಹಟವನ್ನು ನೆನೆಸಿಕೊಳ್ಳುತ್ತಿದ್ದೆ. ನೀವೂ ನೋವಾದರೆ ಮೆಟ್ಟಿಲೇರಿ ಅಂತ ನಾನು ಹೇಳುತ್ತಿಲ್ಲ. ತಿಳಿದವರಿಗೆ ತೋರಿಸಿ. ಹಿಮ್ಮಡಿ ನೋವೆಲ್ಲ ಒಂದೇ ಜಾತಿಯದಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು, ಗಂಡಸರೂ ಕೇಳಿಸಿಕೊಳ್ಳಲಿ. ಶುರುವಿನಲ್ಲಿ ನನಗೆ ದಮ್ಮು ಹತ್ತುತ್ತಿದ್ದದ್ದನ್ನು ನಾನು ವಯಸ್ಸಿನ ಲೆಕ್ಕಕ್ಕೆ ಬರೆದಿದ್ದೆ. ಹಿಮ್ಮಡಿಗೆ ಹೋದಾಗ ಆ ಫಿಸಿಯೋಥೆರಪಿಸ್ಟೇ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, “ಮೇಡಂ, ಮೊದಲು ರಕ್ತ ತೋರಿಸಿ” ಅಂದರು. ಹಿಮೋಗ್ಲೋಬಿನ್ 9.6. ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅನ್ನುತ್ತಾರೆ. ನಾನು ಎಷ್ಟೋ ವರ್ಷಗಳಿಂದ ಹಾಗೇ ಬ್ಯಾಂಕಿಗೆ ಹೋಗಿ ಬಂದು, ಅಡಿಗೆ ಮಾಡಿ, ‘ಸ್ವಲ್ಪ ಸುಸ್ತು’ ಅಂತ ಮಲಗುತ್ತಿದ್ದೆ ಅನ್ನಿಸುತ್ತದೆ. ನಾನು ಒಬ್ಬಳೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ಈ ಸಭೆಯಲ್ಲಿ ಕೂತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಂತ ಇಟ್ಟುಕೊಳ್ಳಿ. ಆಮ್ಲಜನಕ ಹೊರುವ ಗಾಡಿಗಳೇ ಕಡಿಮೆ ಇದ್ದಾಗ ಹೃದಯ ಎಷ್ಟು ಬಡಿದುಕೊಂಡರೇನು?

ನಾಲ್ಕು ತಿಂಗಳು ಕಬ್ಬಿಣದ ಗುಳಿಗೆ ತಿಂದೆ. ಅದಕ್ಕಿಂತ ಕಷ್ಟವಾದದ್ದು ಇನ್ನೊಂದು, ಊಟವಾದ ಕೂಡಲೇ ಚಾ ಕುಡಿಯುವುದನ್ನು ಬಿಟ್ಟದ್ದು. ಚಹಾದಲ್ಲಿರುವ ಟ್ಯಾನಿನ್ ಊಟದ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಧಾರವಾಡದವರಿಗೆ ಚಾ ಬಿಡು ಅನ್ನುವುದು ಸಣ್ಣ ಮಾತಲ್ಲ. ನಾನು ಬಿಡಲಿಲ್ಲ, ಒಂದೂವರೆ ತಾಸು ಮುಂದೂಡಿದೆ. ಜನವರಿಯಲ್ಲಿ ಹಿಮೋಗ್ಲೋಬಿನ್ 11.9ಕ್ಕೆ ಬಂತು. ಅದೇ ಕೆರೆ, ಅದೇ ಕಾಲು, ಅದೇ ವಯಸ್ಸು, ಆದರೆ ಓಡುತ್ತಿದ್ದವಳು ಬೇರೆಯವಳು ಅನ್ನಿಸಿತು.

ಊರಿನ ಮಾತು ಒಂದು ನಿಮಿಷ ಹೇಳಿ ಮುಂದೆ ಹೋಗುತ್ತೇನೆ. 46ರ ಹೆಂಗಸು ರಸ್ತೆಯಲ್ಲಿ ಓಡುತ್ತಿದ್ದರೆ ಊರಿನವರು ನೋಡಿ ಸುಮ್ಮನಿರುವುದಿಲ್ಲ, ಏನೋ ಆಗಿದೆ ಅಂದುಕೊಳ್ಳುತ್ತಾರೆ. ಹಾಲಿನವನು ಸೈಕಲ್ ನಿಲ್ಲಿಸಿ, “ಯಾಕ್ರೀ ಬಾಯಾರ, ಏನಾತ್ರೀ? ಮನ್ಯಾಗ ಎಲ್ಲಾ ಆರಾಮ ಅದಾರಿಲ್ರೀ?” ಅಂತ ನಿಜವಾದ ಕಾಳಜಿಯಿಂದ ಕೇಳಿದ್ದ. ಮೊದಲ ತಿಂಗಳು ಚೂಡಿದಾರದ ಮೇಲೆ ದುಪಟ್ಟಾ ಬಿಗಿದು ಕತ್ತಲಲ್ಲೇ ಓಡಿ ಮುಗಿಸುತ್ತಿದ್ದೆ. ಸಾಧನಕೇರಿ ಕಡೆಯ ನಾಯಿಗಳಿಗೆ ದುಪಟ್ಟಾ ಹಾರುವುದು ಸೇರುತ್ತಿರಲಿಲ್ಲ. ದುಪಟ್ಟಾ ಬಿಟ್ಟೆ. ಒಳ್ಳೆಯ ಸ್ಪೋರ್ಟ್ಸ್ ಬ್ರಾ ಕೊಂಡೆ. ಇದನ್ನು ವೇದಿಕೆಯಲ್ಲಿ ಹೇಳಬಾರದು ಅಂತ ಯಾರಾದರೂ ಅಂದುಕೊಂಡಿದ್ದರೆ ಕ್ಷಮಿಸಿ, ಶೂಗಿಂತ ಮೊದಲು ಕೊಳ್ಳಬೇಕಾದದ್ದು ಅದೇ. 21ರಲ್ಲಿ ನನಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ.

ಶೂ ಬಗ್ಗೆ ಎಲ್ಲರೂ ಕೇಳುತ್ತೀರಿ, ಹೇಳಿಬಿಡುತ್ತೇನೆ. ನಾನು ಬಿಟ್ಟಿದ್ದ ಕಾಲಕ್ಕೂ ಈಗಿಗೂ ಅತಿ ಹೆಚ್ಚು ಬದಲಾದದ್ದು ಶೂ. ಅಡಿಭಾಗ ಎಷ್ಟು ದಪ್ಪವಾಯಿತೆಂದರೆ, ರಸ್ತೆ ಓಟದ ಶೂಗೆ 40 ಮಿಲಿಮೀಟರ್‌ಗಿಂತ ದಪ್ಪ ಇರಕೂಡದು, ಒಳಗೆ ಒಂದಕ್ಕಿಂತ ಹೆಚ್ಚು ಗಡಸು ಫಲಕ ಇರಕೂಡದು ಅಂತ ವರ್ಲ್ಡ್ ಅಥ್ಲೆಟಿಕ್ಸ್ ನಿಯಮವನ್ನೇ ಮಾಡಬೇಕಾಯಿತು. ಮಗ ಅಂಥದ್ದೊಂದನ್ನು ತರಿಸಿಕೊಡುತ್ತೇನೆ ಅಂದ. ಬೆಲೆ ಕೇಳಿ ಬೇಡ ಅಂದೆ. ಸಾಧಾರಣ ಮೆತ್ತನೆಯ ಶೂ ಸಾಕು ನಮ್ಮಂಥವರಿಗೆ, ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಲಿ.

ಇನ್ನು ಓಟದ ದಿನ. ಬೆಂಗಳೂರಿನ ವರ್ಲ್ಡ್ 10ಕೆ, 2024ರ ಏಪ್ರಿಲ್ 28. 2008ರಿಂದ ನಡೆಯುತ್ತಿರುವ ಓಟ, ನಾನು ಟಿ.ವಿ.ಯಲ್ಲಿ ನೋಡುತ್ತ ಬಂದದ್ದು. ಹೆಸರು ಕೊಡುವ ಅರ್ಜಿಯಲ್ಲಿ ಒಂದು ಅಂಕಣ: ಹಿಂದಿನ ಓಟದ ಟೈಮಿಂಗ್ ಪ್ರಮಾಣಪತ್ರ ಇದ್ದರೆ ಹಚ್ಚಬೇಕು. ಅದನ್ನು ನೋಡಿ ಯಾರು ಮುಂದಿನ ಗುಂಪಿನಲ್ಲಿ ನಿಲ್ಲಬೇಕು, ಯಾರು ಹಿಂದೆ ಅಂತ ಹಂಚುತ್ತಾರೆ. ನಾನು ಬೀರುವಿನಿಂದ ಈಗ ನಿಮ್ಮ ಕೈಯಲ್ಲಿರುವ ಆ ಕಾಗದ ತೆಗೆದೆ. ಮೊಬೈಲಿನಲ್ಲಿ ಫೋಟೊ ಹೊಡೆಯಲು ಮಗಳನ್ನು ಕರೆದೆ. ಆಕೆ ತಾರೀಖು ನೋಡಿದಳು. “ಅವ್ವಾ, ಇದು ನಾ ಹುಟ್ಟೂಕಿಂತ ಮೊದಲಿಂದು. ಹಚ್ಚಿದ್ರ ನಗ್ತಾರ.” ಅಂಕಣ ಖಾಲಿ ಬಿಟ್ಟೆ. ನನ್ನನ್ನು ಕೊನೆಯ ಗುಂಪಿಗೆ ಹಾಕಿದರು, ನ್ಯಾಯವಾಗಿಯೇ.

ಆದರೆ ಒಳಗೆ ಅದು ಚುಚ್ಚಿತು. ಆ ಚುಚ್ಚಿದ್ದರಿಂದಲೇ ತಪ್ಪು ಮಾಡಿದೆ. ಅಭ್ಯಾಸದ ಲೆಕ್ಕದಲ್ಲಿ ನನಗೆ ದಕ್ಕಬಹುದಾಗಿದ್ದದ್ದು 58 ನಿಮಿಷ. ಡೈರಿಯಲ್ಲಿ ಬರೆದುಕೊಂಡದ್ದು 52. ಯಾಕೆ 52? 39:52ರ 52 ಅದು, ಬೇರೆ ಯಾವ ಕಾರಣವೂ ಇಲ್ಲ. ಬ್ಯಾಂಕಿನಲ್ಲಿ ಯಾರಾದರೂ ಇಂಥ ಲೆಕ್ಕ ತಂದಿದ್ದರೆ ಸಾಲದ ಅರ್ಜಿ ವಾಪಸ್ ಕಳಿಸುತ್ತಿದ್ದೆ.

ಆ ಏಪ್ರಿಲ್ ನೆನಪಿರಬಹುದು ನಿಮಗೆ. ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ, ಮಳೆಯ ಸುಳಿವಿಲ್ಲ. ಓಟದ ದಿನ ಮಧ್ಯಾಹ್ನ 38.5 ಡಿಗ್ರಿ ಮುಟ್ಟಿತು. ಪರೇಡ್ ಮೈದಾನದ ಹತ್ತಿರ ಕತ್ತಲಲ್ಲೇ ಸಾವಿರಾರು ಜನ, ಎಲ್ಲರ ಮೈಯಿಂದ ನೋವಿನ ಮುಲಾಮಿನ ವಾಸನೆ. ನಾಲ್ಕು ಪಿನ್ನಿನಲ್ಲಿ ನಂಬರಿನ ಬಿಬ್ ಎದೆಗೆ ಚುಚ್ಚಿಕೊಳ್ಳುವಾಗ ಕೈ ನಡುಗಿತು. ಒಂದು ಪಿನ್ ಬೆರಳಿಗೆ ಹೋಗಿ ನಂಬರಿನ ಮೇಲೆ ರಕ್ತದ ಚುಕ್ಕೆ ಬಿತ್ತು. ಪಕ್ಕದಲ್ಲಿ ಗಾಂಧಿ ವೇಷದವರೊಬ್ಬರು ಬಾಳೆಹಣ್ಣು ತಿನ್ನುತ್ತಿದ್ದರು. ಗಂಟೆ ಬಾರಿಸಿದ ಮೇಲೆ ನಮ್ಮ ಗುಂಪು ನಡೆಯುತ್ತ ನಡೆಯುತ್ತ ಗೆರೆ ತಲುಪಲು 11 ನಿಮಿಷ ಹಿಡಿಯಿತು. ಈಗ ಅದಕ್ಕೆ ಚಿಂತೆಯಿಲ್ಲ. ಬಿಬ್ಬಿನ ಹಿಂದೆ ಅಂಟಿಸಿದ ಚಿಪ್ ಗೆರೆಯ ಚಾಪೆ ದಾಟಿದಾಗಿನಿಂದಲೇ ನಮ್ಮ ಸಮಯ ಎಣಿಸುತ್ತದೆ. 1999ರಲ್ಲಿ ಹಿಂದೆ ನಿಂತವರ ಆ ಹೊತ್ತು ಹೋದ ಹಾಗೆಯೇ.

ಮೊದಲ ಕಿಲೋಮೀಟರ್ 5 ನಿಮಿಷ 10 ಸೆಕೆಂಡ್. ಎಡಕ್ಕೆ ಬಲಕ್ಕೆ ನುಸುಳಿ, ಫುಟ್‌ಪಾತ್ ಹತ್ತಿ ಇಳಿದು, ಸೆಲ್ಫಿ ತೆಗೆಯುವವರನ್ನು ದಾಟಿ. ನನ್ನ ಹಳೆಯ ಕೋಚ್ ಸರ್ ಇದ್ದಿದ್ದರೆ, “ಮೊದಲನೇ ಸುತ್ತಿಗೆ ಯಾರೂ ಕಪ್ ಕೊಡೂದಿಲ್ಲವ್ವಾ” ಅನ್ನುತ್ತಿದ್ದರು. ಹಲಸೂರು ಕೆರೆಯ ಹತ್ತಿರ ಗಾಳಿ ತಣ್ಣಗಿತ್ತು, ಕಾಲು ಹಗುರವಿತ್ತು, ನಾನು ಮತ್ತೆ 21ರವಳು. ನಾಲ್ಕನೇ ಕಿಲೋಮೀಟರಿನಲ್ಲಿ ಕೈಗಡಿಯಾರ ನನ್ನ ಹೃದಯದ ಬಡಿತ 178 ಅಂತ ತೋರಿಸಿತು. 220ರಿಂದ ವಯಸ್ಸು ಕಳೆದರೆ ಬರುವ 174ಕ್ಕಿಂತ ಹೆಚ್ಚು. ಆ ಸೂತ್ರ ಒಂದು ಅಂದಾಜು, ಒಬ್ಬೊಬ್ಬರಿಗೆ ಹತ್ತು ಹದಿನೈದು ಆಚೀಚೆ ಆಗುತ್ತದೆ, ನನಗೆ ಅದು ಗೊತ್ತಿತ್ತು. ಆದರೆ ಗೊತ್ತಿದ್ದದ್ದನ್ನು ನೆಪ ಮಾಡಿಕೊಂಡೆ, ನಿಧಾನ ಮಾಡಲಿಲ್ಲ.

ಐದು ಕಿಲೋಮೀಟರ್ 27 ನಿಮಿಷಕ್ಕೆ ಬಂತು. ಆರನೆಯದರಲ್ಲಿ ತೋಳು ಮರಗಟ್ಟಿದ ಹಾಗಾಯಿತು. ವಿಧಾನಸೌಧ ಕಂಡಿತು, ಆದರೆ ಬೆವರು ಕಣ್ಣಿಗಿಳಿದು ಎರಡೆರಡಾಗಿ ಕಂಡಿತು. ಆಮೇಲೆ ಕಬ್ಬನ್ ಪಾರ್ಕಿನ ಏರು. ವಾಕಿಂಗ್ ಹೋಗುವವರು ಗಮನಿಸದ ಏರು ಅದು. ಓಟದ ಕೊನೆಯ ಭಾಗದಲ್ಲಿ ಸಿಕ್ಕಾಗ ನುಗ್ಗಿಕೇರಿ ಗುಡ್ಡವನ್ನೇ ತಂದು ಅಲ್ಲಿ ಇಟ್ಟ ಹಾಗಿತ್ತು. ಕಾಲು ತಾನಾಗಿ ನಡಿಗೆಗೆ ಇಳಿಯಿತು. ನನಗೇ ಗೊತ್ತಾಗುವ ಮೊದಲು ನಾನು ನಡೆಯುತ್ತಿದ್ದೆ.

ಸ್ಪರ್ಧೆಯೊಂದರಲ್ಲಿ ನಾನು ನಡೆದದ್ದು ಅದೇ ಮೊದಲು. ಆಗ ನೀರಿನ ಮೇಜಿನ ಹತ್ತಿರ ನಿಂತ ಹುಡುಗಿ ಕೈ ಚಾಚಿ, “ಆಂಟಿ, ನೀರು” ಅಂದಳು. ಬ್ಯಾಂಕಿನಲ್ಲಿ ದಿನಕ್ಕೆ ನೂರು ಸಲ ಆಂಟಿ ಅನ್ನಿಸಿಕೊಳ್ಳುತ್ತೇನೆ, ಏನೂ ಅನ್ನಿಸುವುದಿಲ್ಲ. ರಸ್ತೆಯ ಮೇಲೆ, ಎದೆಯ ಮೇಲೆ ನಂಬರ್ ಇದ್ದಾಗ ಅದು ಬೇರೆ ಥರ ತಾಗಿತು. ಅವಳ ತಪ್ಪೇನಿಲ್ಲ, ಅವಳಿಗೆ ಕಂಡದ್ದನ್ನು ಹೇಳಿದಳು. ಅಲ್ಲಿಯವರೆಗೆ ನನಗೊಬ್ಬಳಿಗೇ ಅದು ಕಂಡಿರಲಿಲ್ಲ. ಎರಡು ಗುಟುಕು ಕುಡಿದೆ, ಉಳಿದದ್ದು ತಲೆಗೆ ಸುರಿದುಕೊಳ್ಳಲು ಎತ್ತಿದವಳು, ಆ ವರ್ಷದ ಬೆಂಗಳೂರಿನ ನೀರಿನ ನೆನಪಾಗಿ ಕೈ ಇಳಿಸಿ ಅದನ್ನೂ ಕುಡಿದೆ.

ಮುಗಿಸಿದ್ದು 1 ಗಂಟೆ 1 ನಿಮಿಷ 40 ಸೆಕೆಂಡಿಗೆ. ಅದೇ ಓಟದ ಮಹಿಳೆಯರ ದಾಖಲೆ ಕೀನ್ಯಾದ ಐರೀನ್ ಚೆಪ್ಟಾಯಿ ಅವರದು, 2022ರಲ್ಲಿ 30:35. ಅಂದರೆ ಅವರು ಅದೇ ವೇಗದಲ್ಲಿ ಆ ದಾರಿಯನ್ನು ಎರಡು ಸಲ ಓಡಿ ನಿಂತರೂ ನಾನು ಇನ್ನೂ ಅರ್ಧ ನಿಮಿಷ ಓಡುತ್ತಲೇ ಇರುತ್ತೇನೆ. ಈ ಲೆಕ್ಕ ನನಗೆ ಬೇಸರ ತರಲಿಲ್ಲ, ನಗು ಬಂತು. ಬೇಸರ ತಂದದ್ದು ಇನ್ನೊಂದು ಕಳೆಯುವ ಲೆಕ್ಕ: 61:40ರಲ್ಲಿ 39:52 ಕಳೆದರೆ 21 ನಿಮಿಷ 48 ಸೆಕೆಂಡ್. ಚೆಪ್ಟಾಯಿಗೆ ಸೋಲುವುದಕ್ಕೆ ನಾನು ಸಿದ್ಧಳಿದ್ದೆ. 39:52ರ ಆ ಹುಡುಗಿಗೆ ಸೋಲುವುದಕ್ಕೆ ಸಿದ್ಧಳಿರಲಿಲ್ಲ. ಪದಕ ಚೀಲಕ್ಕೆ ಹಾಕಿ ರೈಲಿನಲ್ಲಿ ಹಾವೇರಿಯವರೆಗೂ ಯಾರ ಜೊತೆಗೂ ಮಾತಾಡಲಿಲ್ಲ.

ದೊಡ್ಡವರು ಇದನ್ನು ಹೇಗೆ ನಿಭಾಯಿಸುತ್ತಾರೆ ಅಂತ ಆಮೇಲೆ ಹುಡುಕಿ ಓದಿದೆ. ಜೋನ್ ಬೆನಾಯ್ಟ್ ಸ್ಯಾಮ್ಯುಯೆಲ್‌ಸನ್ ಅಮೆರಿಕದವರು, ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮೊದಲ ಸಲ ಮ್ಯಾರಥಾನ್ ಇಟ್ಟಾಗ, 1984ರಲ್ಲಿ, ಚಿನ್ನ ಗೆದ್ದವರು. ಅವರು 1979ರಲ್ಲಿ ಬಾಸ್ಟನ್ ಮ್ಯಾರಥಾನನ್ನು 2:35:15ಕ್ಕೆ ಗೆದ್ದಿದ್ದರು. 40 ವರ್ಷಗಳ ಮೇಲೆ, 2019ರಲ್ಲಿ, 61ರ ವಯಸ್ಸಿನಲ್ಲಿ ಅದೇ ಬಾಸ್ಟನ್‌ಗೆ ಹೋದರು. ಹಳೆಯ ಸಮಯಕ್ಕೆ 40 ನಿಮಿಷದ ಒಳಗೆ ಬರಬೇಕು ಅಂತ ಗುರಿ ಇಟ್ಟುಕೊಂಡರು. ವರ್ಷಕ್ಕೊಂದು ನಿಮಿಷ! 3:04:00ಕ್ಕೆ ಮುಗಿಸಿದರು. ಬ್ಯಾಂಕಿನವಳಾದ ನನಗೆ ಈ ಲೆಕ್ಕ ತಕ್ಷಣ ಹಿಡಿಸಿತು. ಹಳೆಯ ಸಾಲವನ್ನು ಮನ್ನಾ ಮಾಡಿಲ್ಲ, ಕಂತು ಕಟ್ಟಿಕೊಟ್ಟಿದ್ದಾರೆ. ಜೋನ್ ನಡುನಡುವೆ ಓಡುತ್ತಲೇ ಇದ್ದವರು. ನಿಜವಾಗಿ ಬಿಟ್ಟು ಬಂದವರು ಇಂಗ್ಲೆಂಡಿನ ಪೌಲಾ ರಾಡ್‌ಕ್ಲಿಫ್. 2003ರಲ್ಲಿ ಲಂಡನ್ನಿನಲ್ಲಿ 2:15:25, ಬಹಳ ವರ್ಷ ವಿಶ್ವದಾಖಲೆಯಾಗಿ ನಿಂತ ಸಮಯ. 2015ರ ಲಂಡನ್ ಬಳಿಕ ಮ್ಯಾರಥಾನ್ ನಿಲ್ಲಿಸಿದರು. ಹತ್ತು ವರ್ಷ ಬಿಟ್ಟು, 2025ರ ಮಾರ್ಚ್‌ನಲ್ಲಿ ಟೋಕಿಯೊದಲ್ಲಿ ಓಡಿ 2:57:26ಕ್ಕೆ ಮುಗಿಸಿದರು. 42 ನಿಮಿಷ ಹೆಚ್ಚು. ಮರುತಿಂಗಳೇ ಬಾಸ್ಟನ್‌ನಲ್ಲಿ 2:53:44. ತನ್ನ ಹೆಸರಿನ ಮುಂದೆ ಅಷ್ಟು ದೊಡ್ಡ ಸಮಯ ಇದ್ದೂ ಸಾಮಾನ್ಯರ ನಡುವೆ ನಿಂತು ಓಡಲು ಎಂಥ ಎದೆ ಬೇಕು ಅಂತ ಈಗ ನನಗೆ ಸ್ವಲ್ಪ ಅಂದಾಜಿದೆ.

ನಮ್ಮ ಕಡೆಯವರ ಹೆಸರೂ ಒಂದು ಹೇಳಿಬಿಡುತ್ತೇನೆ, ವಿಷಯಕ್ಕೆ ಅಷ್ಟು ಹೊಂದದಿದ್ದರೂ. ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ 1920ರಲ್ಲೇ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋಗಿ ಮ್ಯಾರಥಾನ್ ಓಡಿದರು, 2:50:45, 19ನೇ ಸ್ಥಾನ. ಆ ಸಲದ ದಾರಿ ಈಗಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದವಿತ್ತು, 42.75 ಕಿ.ಮೀ. ಈ ಸಾಲು ನನಗೆ ಕೋಚ್ ಸರ್ ಬಾಯಿಪಾಠ ಮಾಡಿಸಿದ್ದರು. ಇಲ್ಲಿ ಕೂತ ಮಕ್ಕಳಿಗೂ ಗೊತ್ತಿರಲಿ ಅಂತ.

ಎರಡನೇ ವರ್ಷದ ಕಥೆ ಚಿಕ್ಕದು. 2025ರ ಓಟಕ್ಕೆ ಅರ್ಜಿ ಹಾಕುವಾಗ ಅದೇ ಅಂಕಣ ಬಂತು. ಮಗಳು 1:01:40ರ ಪ್ರಮಾಣಪತ್ರ ಹಚ್ಚಿದಳು. ನಾನು ಒಂದು ವರ್ಷ ಯಾರಿಗೂ ತೋರಿಸದೆ ಇಟ್ಟಿದ್ದದ್ದು. ಈ ಸಲ ಗಾಂಧಿ ವೇಷದವರಿಲ್ಲದ ಗುಂಪು ಸಿಕ್ಕಿತು. ಗೆರೆ ಮುಟ್ಟಲು ನಾಲ್ಕು ನಿಮಿಷ. ಮೊದಲ ಕಿಲೋಮೀಟರ್ ಬೇಕೆಂದೇ 6 ನಿಮಿಷಕ್ಕೆ ಓಡಿದೆ. ಎಲ್ಲರೂ ನನ್ನನ್ನು ದಾಟಿಕೊಂಡು ಹೋದರು. ಹೋಗಲಿ ಅನ್ನುವುದು ಆ ದಿನದ ಅತಿ ಕಷ್ಟದ ಕೆಲಸ. ಕಬ್ಬನ್ ಪಾರ್ಕಿನ ಏರಿನಲ್ಲಿ ಅವರಲ್ಲಿ ಕೆಲವರು ನಡೆಯುತ್ತಿದ್ದರು. ನಾನು ಓಡುತ್ತಿದ್ದೆ, ಬಹಳ ನಿಧಾನವಾಗಿ, ಆದರೆ ಓಡುತ್ತಿದ್ದೆ. 57 ನಿಮಿಷ 20 ಸೆಕೆಂಡ್. ಈಗಿನ ನನ್ನ ಡೈರಿಯಲ್ಲಿ ಎರಡು ಪುಟ ಇವೆ. ಒಂದರಲ್ಲಿ 1999ರವರೆಗಿನದು, ಅದರ ಕೆಳಗೆ ಗೆರೆ ಎಳೆದಿದ್ದೇನೆ. ಇನ್ನೊಂದು 2024ರಿಂದ. ಮಾಸ್ಟರ್ಸ್ ಕೂಟಗಳಲ್ಲಿ, ಅಂದರೆ ಹಿರಿಯ ವಯಸ್ಸಿನವರ ಕ್ರೀಡಾಕೂಟಗಳಲ್ಲಿ, ಐದೈದು ವರ್ಷಕ್ಕೆ ಒಂದೊಂದು ವರ್ಗ ಮಾಡುತ್ತಾರಲ್ಲ, ಹಾಗೆ. ಇನ್ನೆರಡು ವರ್ಷಕ್ಕೆ ನಾನು 50ರ ವರ್ಗದಲ್ಲಿ ಅತಿ ಚಿಕ್ಕವಳಾಗಿ ಸೇರುತ್ತೇನೆ. ಅತಿ ಚಿಕ್ಕವಳು ಅನ್ನಿಸಿಕೊಂಡು ಎಷ್ಟು ವರ್ಷವಾಯಿತು!

ಪ್ರಶ್ನೆ ಇದ್ದರೆ ಕೇಳಿ.

(ಮೊದಲ ಪ್ರಶ್ನೆ ಕಾಲೇಜು ಹುಡುಗಿಯೊಬ್ಬಳದು: “ಮೇಡಂ, ಮತ್ತ 39 ಬರತದೇನ್ರೀ?”)

ಬರೂದಿಲ್ಲವ್ವಾ. ನಿನಗ ಬರಬಹುದು. ಹಿಮೋಗ್ಲೋಬಿನ್ ತೋರಿಸಿದ್ದೇನು? ಇಲ್ಲಾ? ಮೊದಲು ಅದು.

(ಹಿಂದಿನ ಸಾಲಿನ ಹಿರಿಯರೊಬ್ಬರು, ನಿವೃತ್ತರು, ಕಾಲೇಜು ದಿನಗಳಲ್ಲಿ 800 ಮೀಟರ್ ಓಡುತ್ತಿದ್ದರಂತೆ. ನಾಳೆಯಿಂದಲೇ ಶುರು ಮಾಡಬಹುದೇ ಅಂತ ಕೇಳಿದರು.)

ಮಾಡಬಹುದು ಸರ್. ಮೊದಲು ಒಮ್ಮೆ ಹೃದಯ, ಬಿಪಿ, ಸಕ್ಕರೆ ತೋರಿಸಿಕೊಂಡು ಬನ್ನಿ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹತ್ತು ಸಲ. ಅದು ತೀರಾ ಸುಲಭ ಅನ್ನಿಸುತ್ತದೆ ನಿಮಗೆ. ಮೂರು ವಾರ ಸುಲಭ ಅನ್ನಿಸಲಿ. 800 ಮೀಟರ್ ಓಡಿದವರು ಅಂದಿರಲ್ಲ, ಅದಕ್ಕೇ ಹೆದರಿಕೆ ನನಗೆ.

(ಅಷ್ಟರಲ್ಲಿ ಪ್ರಮಾಣಪತ್ರ ಸಭೆಯೆಲ್ಲ ಸುತ್ತಿ ಮೊದಲ ಸಾಲಿಗೆ ವಾಪಸ್ ಬಂದಿತ್ತು. ಅದನ್ನು ಕೊಡಲು ವೇದಿಕೆಗೆ ಬಂದ ಹುಡುಗ ಬೆಳಕಿಗೆ ಹಿಡಿದು ನೋಡಿದ. “ಮೇಡಂ, ಪ್ಲಾಸ್ಟಿಕ್ ಒಳಗ ಒಂದು ಇರುವಿ ಸಿಕ್ಕೊಂಡೈತ್ರೀ.”)

ಹೌದಪ್ಪಾ. ಲ್ಯಾಮಿನೇಷನ್ ಮಾಡಿಸಿದ ದಿನದಿಂದ ಅಲ್ಲೇ ಐತಿ. ಹುಷಾರಾಗಿ ಹಿಡಿ.